ಲೇಸರ್ ಮಾಡಿಸಬೇಕೇ, ಎಲೆಕ್ಟ್ರಾಲಿಸಿಸ್ ಮಾಡಿಸಬೇಕೇ? ಬೇಡದ ಕೂದಲಿನ ಚಿಕಿತ್ಸೆ ಆರಿಸುವ ಮುನ್ನ ತಿಳಿದಿರಬೇಕಾದ್ದು

ಗದ್ದ, ಮೇಲ್ತುಟಿ, ಕಂಕುಳು, ಕೈಕಾಲುಗಳ ಬೇಡದ ಕೂದಲನ್ನು ಥ್ರೆಡಿಂಗ್, ವ್ಯಾಕ್ಸಿಂಗ್, ರೇಜರ್‌ಗಳಿಂದ ವರ್ಷಗಟ್ಟಲೆ ತೆಗೆದು ಬೇಸತ್ತವರಿಗೆ, ಕೂದಲಿನ ಬುಡವನ್ನೇ ಕೆಡಿಸಿ ಅದು ಮತ್ತೆ ಬೆಳೆಯದಂತೆ ಮಾಡುವ ವಿಧಾನಗಳು ಇಂದು ಮುಖ್ಯವಾಗಿ ಎರಡಿವೆ. ಒಂದು ಬೆಳಕಿನ ಬಿಸಿಯಿಂದ ಕೆಲಸ ಮಾಡುವ ಲೇಸರ್, ಇನ್ನೊಂದು ತೆಳು ಸೂಜಿಯ ಮೂಲಕ ವಿದ್ಯುತ್ ಹಾಯಿಸುವ ಎಲೆಕ್ಟ್ರಾಲಿಸಿಸ್. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಂಥ ಊರುಗಳಲ್ಲಿ ಲೇಸರ್ ಯಂತ್ರವಿರುವ ಕ್ಲಿನಿಕ್ಕುಗಳನ್ನು ಹುಡುಕಬೇಕಾದ ಕಷ್ಟ ಈಗಿಲ್ಲ. ಎಲೆಕ್ಟ್ರಾಲಿಸಿಸ್ ಮಾಡುವವರು ಮಾತ್ರ ವಿರಳ. ಹೀಗಾಗಿ ಅನೇಕರು ಯೋಚಿಸುವ ಮೊದಲೇ ಆಯ್ಕೆ ಮುಗಿದುಹೋಗಿರುತ್ತದೆ. ಮನೆಗೆ ಹತ್ತಿರ ಯಾವುದಿದೆಯೋ, ಹಬ್ಬದ ರಿಯಾಯಿತಿ ಯಾರು ಕೊಟ್ಟರೋ ಅಲ್ಲಿ ಹಣ ಕಟ್ಟಿಬಿಡುತ್ತಾರೆ. ಈ ಆತುರಕ್ಕೆ ಮುಖದ ಚರ್ಮವೇ ಬೆಲೆ ತೆರಬೇಕಾಗಿ ಬರುವುದರಿಂದ, ಮೊದಲು ನಾಲ್ಕು ಸಂಗತಿಗಳನ್ನು ನೋಡಿಕೊಳ್ಳುವುದು ಅಗತ್ಯ: ಕೂದಲಿನ ಬಣ್ಣ ಮತ್ತು ದಪ್ಪ, ಚರ್ಮದ ಬಣ್ಣ, ತೆಗೆಸಬೇಕಾದ ಜಾಗದ ವಿಸ್ತಾರ, ಮತ್ತು ಆ ಕೂದಲು ಬೆಳೆಯಲು ಇರುವ ಕಾರಣ.

ಇವುಗಳಲ್ಲಿ ಕೊನೆಯದನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಹಣವೂ ನೆಮ್ಮದಿಯೂ ಹೆಚ್ಚಾಗಿ ಹಾಳಾಗುವುದು ಅದನ್ನು ಕಡೆಗಣಿಸಿದಾಗ.

ಕೂದಲಿನ ಕಾರಣ

ಹೆಂಗಸರ ಮುಖ, ಎದೆ, ಹೊಕ್ಕುಳ ಕೆಳಭಾಗ, ಬೆನ್ನುಗಳಲ್ಲಿ ಗಂಡಸರಿಗೆ ಬರುವ ರೀತಿಯ ದಪ್ಪ ಕಪ್ಪು ಕೂದಲು ಬೆಳೆದರೆ ವೈದ್ಯರು ಅದನ್ನು ಹರ್ಸೂಟಿಸಂ ಎನ್ನುತ್ತಾರೆ. ಇದಕ್ಕೆ ಅತಿ ಸಾಮಾನ್ಯ ಕಾರಣ, ನಾವು ಪಿಸಿಓಡಿ ಅಥವಾ ಪಿಸಿಓಎಸ್ ಎಂದು ಕರೆಯುವ, ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನಿನ ಸಮಸ್ಯೆ. ಆಂಡ್ರೋಜನ್ ಎಂಬ ಹಾರ್ಮೋನುಗಳು ಹೆಚ್ಚಾದಾಗ, ಅಥವಾ ಕೂದಲಿನ ಬುಡಗಳು ಅವುಗಳಿಗೆ ಅತಿಯಾಗಿ ಸ್ಪಂದಿಸಿದಾಗ, ಕಣ್ಣಿಗೆ ಬೀಳದಷ್ಟು ನವಿರಾಗಿದ್ದ ರೋಮ ದಪ್ಪ ಕಪ್ಪು ಕೂದಲಾಗಿ ಮಾರ್ಪಡುತ್ತದೆ. ಲೇಸರ್ ಆಗಲಿ ಎಲೆಕ್ಟ್ರಾಲಿಸಿಸ್ ಆಗಲಿ ಇಂದು ಇರುವ ದಪ್ಪ ಕೂದಲಿನ ಬುಡವನ್ನು ಕೆಡಿಸಬಲ್ಲವು. ಅದರ ಪಕ್ಕದ ನವಿರು ರೋಮ ಮುಂದಿನ ವರ್ಷ ದಪ್ಪವಾಗುವುದನ್ನು ಎರಡೂ ತಡೆಯಲಾರವು. ಅದೇ ರೀತಿ, ಹಾರ್ಮೋನನ್ನು ಹತೋಟಿಗೆ ತರುವ ಮಾತ್ರೆಗಳು ಹೊಸ ಕೂದಲನ್ನು ತಗ್ಗಿಸುತ್ತವೆಯೇ ಹೊರತು ಈಗಾಗಲೇ ಬೇರೂರಿದ್ದನ್ನು ಕಿತ್ತು ಹಾಕುವುದಿಲ್ಲ, ಅವುಗಳ ಪರಿಣಾಮ ಕಾಣಿಸಲು ಆರು ತಿಂಗಳಾದರೂ ಬೇಕು. ಆದ್ದರಿಂದ ಪಿಸಿಓಡಿ ಇದ್ದವರಿಗೆ ಕೂದಲು ತೆಗೆಸುವುದು, ಔಷಧ ಎರಡೂ ಒಟ್ಟಿಗೆ ನಡೆಯಬೇಕು. ಮುಟ್ಟು ಏರುಪೇರಾಗುವುದು, ಮೊಡವೆ, ನೆತ್ತಿಯ ಕೂದಲು ತೆಳುವಾಗುವುದು ಇವು ಜೊತೆಗಿದ್ದರೆ ಲೇಸರ್ ಪ್ಯಾಕೇಜಿಗೆ ಹಣ ಕಟ್ಟುವ ಮುನ್ನ ಸ್ತ್ರೀರೋಗ ತಜ್ಞರನ್ನೋ ಹಾರ್ಮೋನುಗಳ ವೈದ್ಯರಾದ ಎಂಡೋಕ್ರೈನ್ ತಜ್ಞರನ್ನೋ ಕಂಡು ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಕೆಲವೇ ತಿಂಗಳಲ್ಲಿ ಕೂದಲು ದಿಢೀರನೆ ಹೆಚ್ಚಿದ್ದರೆ, ದನಿ ಗಡಸಾಗುತ್ತಿದ್ದರೆ, ಒಂದು ದಿನವೂ ತಡಮಾಡುವಂತಿಲ್ಲ. ಅಪರೂಪಕ್ಕೆ ಅಂಡಾಶಯದ ಅಥವಾ ಅಡ್ರಿನಲ್ ಗ್ರಂಥಿಯ ಗಡ್ಡೆ ಹೀಗೆ ಗುರುತು ತೋರುವುದುಂಟು.

ಹಾರ್ಮೋನು ಪೂರ್ತಿ ಸರಿಯಿದ್ದು ಮನೆತನದಿಂದಲೇ ಕೂದಲು ಹೆಚ್ಚಿರುವವರೂ ಬಹಳ ಮಂದಿ ಇದ್ದಾರೆ. ಸ್ಟಿರಾಯ್ಡ್ ಮಾತ್ರೆ, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ತಲೆಗೂದಲು ಬೆಳೆಯಲೆಂದು ಬಳಸುವ ಮಿನಾಕ್ಸಿಡಿಲ್ ಇವುಗಳಿಂದಲೂ ಮುಖದ ಮೇಲೆ ಕೂದಲು ಬರಬಹುದು. ಬಳಸುತ್ತಿರುವ ಔಷಧಗಳ ಪಟ್ಟಿಯನ್ನು ವೈದ್ಯರ ಮುಂದಿಡಿ. ಔಷಧ ಬದಲಿಸಿದರೆ ಸಾಕಾಗುವ ಕಡೆ ಲೇಸರ್‌ಗೆ ದುಡ್ಡು ಸುರಿಯಬೇಕಾಗಿಲ್ಲ.

ಲೇಸರ್ ಕೆಲಸ ಮಾಡುವ ಬಗೆ

ಲೇಸರ್ ಚಿಕಿತ್ಸೆಯ ತಳಹದಿಯನ್ನು 1983ರಲ್ಲಿ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಎಂಬ ಅಮೆರಿಕದ ಚರ್ಮ ವಿಜ್ಞಾನಿಗಳು ವಿವರಿಸಿದರು. ನಿರ್ದಿಷ್ಟ ತರಂಗಾಂತರದ ಬೆಳಕನ್ನು ಸರಿಯಾದ ಅವಧಿಯಷ್ಟು ಮಾತ್ರ ಹಾಯಿಸಿದರೆ, ಆ ಬೆಳಕನ್ನು ಹೀರುವ ವಸ್ತುವಷ್ಟೇ ಸುಟ್ಟು ಸುತ್ತಲಿನ ಭಾಗ ಉಳಿಯುತ್ತದೆ ಎಂಬುದು ಅವರ ಸಿದ್ಧಾಂತ. ಕೂದಲಿನ ವಿಷಯದಲ್ಲಿ ಹೀರುವ ವಸ್ತು ಮೆಲನಿನ್, ಅಂದರೆ ಕೂದಲಿಗೆ ಕಪ್ಪು ಕೊಡುವ ವರ್ಣದ್ರವ್ಯ. ಬೆಳಕಿನ ಬಿಸಿ ಕೂದಲಿನ ಕಡ್ಡಿಯ ಮೂಲಕ ಬುಡಕ್ಕೆ ಇಳಿದು ಅಲ್ಲಿನ ಬೆಳವಣಿಗೆಯ ಕೋಶಗಳನ್ನು ಕೆಡಿಸುತ್ತದೆ. ಕೂದಲು ತೆಗೆಯುವ ಲೇಸರ್‌ಗೆ ಅಮೆರಿಕದಲ್ಲಿ ಔಷಧ ಮತ್ತು ವೈದ್ಯಕೀಯ ಉಪಕರಣಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಮೊದಲ ಬಾರಿಗೆ ಅನುಮತಿ ಕೊಟ್ಟದ್ದು 1995ರಲ್ಲಿ.

ಈ ತತ್ತ್ವದಲ್ಲಿಯೇ ಲೇಸರ್‌ನ ಬಲವೂ ಮಿತಿಯೂ ಅಡಗಿವೆ. ನರೆತ ಕೂದಲಿನಲ್ಲಿ ಮೆಲನಿನ್ ಇಲ್ಲದಿರುವುದರಿಂದ ಲೇಸರ್ ಅದನ್ನು ಮುಟ್ಟುವುದೇ ಇಲ್ಲ, ಎಷ್ಟು ಸಿಟ್ಟಿಂಗ್ ಮಾಡಿಸಿದರೂ ಅಷ್ಟೆ. ನವಿರಾದ ಕಂದು ರೋಮದ ಮೇಲೂ ಅದರ ಪ್ರಭಾವ ಕಡಿಮೆ. ಇನ್ನು ಮೆಲನಿನ್ ಇರುವುದು ಕೂದಲಿನಲ್ಲಿ ಮಾತ್ರವಲ್ಲ, ಚರ್ಮದಲ್ಲಿಯೂ ಇದೆ. ಬಿಳಿ ಚರ್ಮದವರಲ್ಲಿ ಬಹುಪಾಲು ಬೆಳಕು ಕೂದಲನ್ನೇ ಸೇರಿದರೆ, ಗೋಧಿ ಬಣ್ಣದಿಂದ ಎಣ್ಣೆಗಪ್ಪಿನವರೆಗಿನ ನಮ್ಮ ಚರ್ಮ ತನ್ನ ಪಾಲನ್ನು ಮೊದಲೇ ಹೀರಿಕೊಳ್ಳುತ್ತದೆ. ಚರ್ಮದ ಬಣ್ಣವನ್ನು ಆರು ಬಗೆಯಾಗಿ ವಿಂಗಡಿಸುವ ಫಿಟ್ಜ್‌ಪ್ಯಾಟ್ರಿಕ್ ಮಾಪಕದಲ್ಲಿ ಭಾರತೀಯರು ಹೆಚ್ಚಾಗಿ ನಾಲ್ಕು ಮತ್ತು ಐದನೆಯ ಬಗೆಗೆ ಸೇರುತ್ತಾರೆ. ಹೊಂದದ ಯಂತ್ರವನ್ನೋ ಹೆಚ್ಚಿನ ಶಕ್ತಿಯನ್ನೋ ಬಳಸಿದರೆ ಇಂಥ ಚರ್ಮದಲ್ಲಿ ಸುಟ್ಟ ಗಾಯ, ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ, ಕೆಲವೊಮ್ಮೆ ಬಿಳಿ ಮಚ್ಚೆ ಆಗುವ ಅಪಾಯ ನಿಜವಾಗಿಯೂ ಇದೆ.

ಈ ಕಾರಣಕ್ಕೆ ಯಂತ್ರದ ಹೆಸರನ್ನು ಕೇಳಿ ತಿಳಿದುಕೊಳ್ಳಲು ಹಿಂಜರಿಯಬೇಡಿ. ತರಂಗಾಂತರ ಉದ್ದವಾದಷ್ಟೂ ಬೆಳಕು ಚರ್ಮದ ಮೇಲ್ಪದರದ ಮೆಲನಿನ್ನನ್ನು ಕಡಿಮೆ ಕೆಣಕಿ ಆಳಕ್ಕೆ ಇಳಿಯುತ್ತದೆ. 755 ನ್ಯಾನೋಮೀಟರಿನ ಅಲೆಕ್ಸಾಂಡ್ರೈಟ್ ಬಿಳಿ ಚರ್ಮಕ್ಕೆ ಹೆಚ್ಚು ಹೊಂದುತ್ತದೆ. 800ರಿಂದ 810ರ ಆಸುಪಾಸಿನ ಡಯೋಡ್ ನಮ್ಮಲ್ಲಿ ಬಹಳ ಬಳಕೆಯಲ್ಲಿದೆ, ಪಳಗಿದ ಕೈಯಲ್ಲಿ ಒಳ್ಳೆಯ ಫಲ ಕೊಡುತ್ತದೆ. 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಕಡುಗಪ್ಪು ಚರ್ಮಕ್ಕೆ ಎಲ್ಲಕ್ಕಿಂತ ಸುರಕ್ಷಿತ, ಆದರೆ ನೋವು ಸ್ವಲ್ಪ ಹೆಚ್ಚು, ತೆಳು ಕೂದಲಿನ ಮೇಲೆ ಫಲ ಸ್ವಲ್ಪ ಕಡಿಮೆ. ಐಪಿಎಲ್ ಎಂಬುದು ಲೇಸರ್ ಅಲ್ಲ. ಅನೇಕ ತರಂಗಾಂತರಗಳು ಬೆರೆತ ಬೆಳಕು ಅದು. ಪಾರ್ಲರುಗಳಲ್ಲಿ ಲೇಸರ್ ಎಂದು ಹೇಳಿ ಐಪಿಎಲ್ ಮಾಡಿದರೆ ಕಪ್ಪು ಚರ್ಮದವರು ಸುಟ್ಟ ಗಾಯ ಮಾಡಿಕೊಳ್ಳುವ ಸಾಧ್ಯತೆ ಹೆಚ್ಚುತ್ತದೆ. ಮನೆಯಲ್ಲಿ ಬಳಸಲು ಮಾರುವ ಯಂತ್ರಗಳಲ್ಲಿ ಹೆಚ್ಚಿನವು ಐಪಿಎಲ್ ಬಗೆಯವೇ ಆಗಿದ್ದು, ಕಡುಗಪ್ಪು ಚರ್ಮಕ್ಕೆ ಬಳಸಬಾರದೆಂದು ಅವುಗಳ ಪೆಟ್ಟಿಗೆಯ ಮೇಲೆಯೇ ಬರೆದಿರುತ್ತದೆ.

ಒಂದು ಸಿಟ್ಟಿಂಗ್ ಹೀಗಿರುತ್ತದೆ. ಜಾಗವನ್ನು ರೇಜರ್‌ನಿಂದ ನುಣ್ಣಗೆ ಬೋಳಿಸಿ, ತಣ್ಣನೆಯ ಜೆಲ್ ಹಚ್ಚಿ, ಕಣ್ಣಿಗೆ ಕಪ್ಪು ಕನ್ನಡಕ ಕಟ್ಟುತ್ತಾರೆ. ಪ್ರತಿ ಮಿಂಚಿಗೂ ಚುರುಕ್ಕೆನ್ನುವ ನೋವು, ಜೊತೆಗೆ ಕೂದಲು ಸುಟ್ಟ ವಾಸನೆ. ಕೆಲವು ನಿಮಿಷಗಳಲ್ಲಿ ಒಂದೊಂದು ಕೂದಲಿನ ಬುಡದ ಸುತ್ತಲೂ ಸಣ್ಣ ಕೆಂಪು ಗುಳ್ಳೆಯಂಥ ಉಬ್ಬು ಏಳುತ್ತದೆ. ಬಿಸಿ ಬುಡದವರೆಗೆ ತಲುಪಿದೆ ಎಂಬುದಕ್ಕೆ ಅದು ಒಳ್ಳೆಯ ಗುರುತು, ಗಂಟೆಗಳಲ್ಲಿ ಇಳಿಯುತ್ತದೆ. ಆಮೇಲಿನ ಒಂದರಿಂದ ಮೂರು ವಾರಗಳಲ್ಲಿ ಮೊಟುಕು ಕೂದಲುಗಳು ಚರ್ಮದಿಂದ ಹೊರಬರುವುದನ್ನು ಕಂಡು, ಹಣ ದಂಡವಾಯಿತೆಂದು ಎಷ್ಟೋ ಮಂದಿ ಕಂಗಾಲಾಗುತ್ತಾರೆ. ಅವು ಬೆಳೆಯುತ್ತಿರುವ ಕೂದಲಲ್ಲ, ಸತ್ತು ಉದುರುತ್ತಿರುವವು.

ಒಂದೇ ಸಲಕ್ಕೆ ಮುಗಿಯದಿರಲು ಕಾರಣ ಕೂದಲಿನ ಬೆಳವಣಿಗೆಯ ಚಕ್ರ. ಬೆಳೆಯುವ ಹಂತದಲ್ಲಿರುವ ಕೂದಲಿಗೆ ಮಾತ್ರ ಲೇಸರ್ ಚೆನ್ನಾಗಿ ತಾಗುತ್ತದೆ. ತಲೆಯಲ್ಲಿ ಶೇ 85ರಷ್ಟು ಕೂದಲು ಆ ಹಂತದಲ್ಲಿದ್ದರೆ ಕಾಲಿನಲ್ಲಿ ಅದು ಶೇ 20ರ ಆಸುಪಾಸು. ಹೀಗಾಗಿ ಮುಖಕ್ಕೆ ನಾಲ್ಕರಿಂದ ಆರು ವಾರ, ಮೈಗೆ ಆರರಿಂದ ಎಂಟು ವಾರಗಳ ಅಂತರದಲ್ಲಿ ಕನಿಷ್ಠ ಆರರಿಂದ ಎಂಟು ಸಿಟ್ಟಿಂಗ್ ಬೇಕಾಗುತ್ತದೆ. ಪಿಸಿಓಡಿ ಇದ್ದವರಿಗೆ ಇನ್ನೂ ಹೆಚ್ಚು. ಇಷ್ಟೆಲ್ಲ ಆದ ಮೇಲೆ ಸಿಗುವುದು ಕೂದಲಿನ ಸಂಖ್ಯೆ ಮತ್ತು ದಪ್ಪ ದೀರ್ಘಕಾಲ ತಗ್ಗಿದ ಸ್ಥಿತಿ, ಪೂರ್ತಿ ಇಲ್ಲದಾಗುವ ಸ್ಥಿತಿಯಲ್ಲ. ಲೇಸರ್ ತಯಾರಕರಿಗೆ ಎಫ್‌ಡಿಎ ಹೇಳಿಕೊಳ್ಳಲು ಬಿಟ್ಟಿರುವುದು ‘ಶಾಶ್ವತ ಇಳಿಕೆ’ ಎಂದು ಮಾತ್ರ. ವರ್ಷಕ್ಕೆ ಒಂದೆರಡು ಸಲ ಮತ್ತೆ ಹೋಗಬೇಕಾಗಬಹುದು ಎಂದು ಮೊದಲೇ ಹೇಳುವ ಕ್ಲಿನಿಕ್ಕನ್ನು, ನೂರಕ್ಕೆ ನೂರು ಗ್ಯಾರಂಟಿ ಕೊಡುವ ಕ್ಲಿನಿಕ್ಕಿಗಿಂತ ಹೆಚ್ಚು ನಂಬಬಹುದು.

ಮುಖದ ಲೇಸರ್ ಬಗ್ಗೆ ಸಾಕಷ್ಟು ಮುಂಚೆ ಯಾರೂ ಹೇಳದ ಒಂದು ಸಂಗತಿಯಿದೆ. ಕೆಲವರಲ್ಲಿ ಲೇಸರ್ ಅಥವಾ ಐಪಿಎಲ್ ಆದ ಮೇಲೆ ಕೂದಲು ಕಡಿಮೆಯಾಗುವ ಬದಲು, ಚಿಕಿತ್ಸೆ ಮಾಡಿದ ಜಾಗದಲ್ಲಿಯೋ ಅದರ ಅಂಚಿನಲ್ಲಿಯೋ ನವಿರು ರೋಮ ದಪ್ಪವಾಗಿ ಕಪ್ಪಾಗುತ್ತದೆ. ಕೂದಲಿನ ಬುಡವನ್ನು ಕೆಡಿಸುವಷ್ಟು ಬಿಸಿ ತಲುಪದೆ ಅದನ್ನು ಕೆರಳಿಸುವಷ್ಟು ಮಾತ್ರ ತಲುಪಿದಾಗ ಹೀಗಾಗುತ್ತದೆ ಎಂಬುದು ಮುಖ್ಯ ವಿವರಣೆ. ಇದು ಹೆಚ್ಚಾಗಿ ಕಂಡುಬಂದಿರುವುದು ಕೆನ್ನೆ, ದವಡೆ, ಕತ್ತುಗಳಲ್ಲಿ, ಕಪ್ಪು ಚರ್ಮದ ಹೆಂಗಸರಲ್ಲಿ, ಅದರಲ್ಲೂ ಹಾರ್ಮೋನಿನ ಏರುಪೇರು ಇರುವವರಲ್ಲಿ. ಭಾರತ ಉಪಖಂಡದವರು ಮತ್ತು ಮಧ್ಯಪ್ರಾಚ್ಯದವರು ಈ ಗುಂಪಿಗೆ ಸೇರುತ್ತಾರೆ. ಹೀಗಾಗುವವರು ಕಡಿಮೆ, ಆದರೂ ಗದ್ದದಲ್ಲಿ ಹತ್ತಾರು ದಪ್ಪ ಕೂದಲು ಇರುವವಳು ‘ಫುಲ್ ಫೇಸ್’ ಪ್ಯಾಕೇಜು ಅಗ್ಗವೆಂದು ಕೆನ್ನೆಯ ನವಿರು ರೋಮದ ಮೇಲೆಲ್ಲ ಲೇಸರ್ ಹಾಯಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ತೀರ ಅನಗತ್ಯವಾದ ಅಪಾಯ. ದಪ್ಪ ಕಪ್ಪು ಕೂದಲು ಎಲ್ಲಿದೆಯೋ ಅಷ್ಟಕ್ಕೇ ಲೇಸರ್ ಸೀಮಿತವಾಗಿರಲಿ.

ಎಲೆಕ್ಟ್ರಾಲಿಸಿಸ್: ನಿಧಾನದ, ಆದರೆ ಬಣ್ಣ ನೋಡದ ವಿಧಾನ

ಎಲೆಕ್ಟ್ರಾಲಿಸಿಸ್ ಲೇಸರ್‌ಗಿಂತ ನೂರಕ್ಕೂ ಹೆಚ್ಚು ವರ್ಷ ಹಳೆಯದು. ಅಮೆರಿಕದ ಸೇಂಟ್ ಲೂಯಿಸ್ ನಗರದ ಕಣ್ಣಿನ ವೈದ್ಯ ಚಾರ್ಲ್ಸ್ ಮಿಶೆಲ್, ಒಳಕ್ಕೆ ಬಾಗಿ ಕಣ್ಣುಗುಡ್ಡೆಯನ್ನು ಗೀರುವ ರೆಪ್ಪೆಗೂದಲನ್ನು ವಿದ್ಯುತ್ ಹಾಯಿಸಿದ ತೆಳು ಸೂಜಿಯಿಂದ ತೆಗೆದು, ಅದರ ವಿವರವನ್ನು 1875ರಲ್ಲಿ ಪ್ರಕಟಿಸಿದ. ಇಂದಿಗೂ ಕೆಲಸ ನಡೆಯುವ ಕ್ರಮ ಅದೇ. ದೊಡ್ಡ ಭೂತಗನ್ನಡಿಯ ಕೆಳಗೆ, ಕೂದಲಿನಷ್ಟೇ ತೆಳುವಾದ ಸೂಜಿಯನ್ನು ಕೂದಲು ಹೊರಬರುವ ರಂಧ್ರದಲ್ಲಿ, ಅದು ವಾಲಿರುವ ದಿಕ್ಕಿಗೇ ಸರಿಸಿ, ಕ್ಷಣಕಾಲ ವಿದ್ಯುತ್ ಹಾಯಿಸುತ್ತಾರೆ. ಚರ್ಮವನ್ನು ಚುಚ್ಚುವುದಿಲ್ಲ, ಇರುವ ದಾರಿಯಲ್ಲೇ ಸೂಜಿ ಇಳಿಯುತ್ತದೆ. ಆಮೇಲೆ ಚಿಮಟದಿಂದ ಹಿಡಿದರೆ ಕೂದಲು ಬೆಣ್ಣೆಯಿಂದ ಎಳೆದಂತೆ ಸಲೀಸಾಗಿ ಬರಬೇಕು. ಕಿತ್ತ ಹಾಗೆ ಚುರ್ರೆಂದರೆ ಆ ಬುಡ ಸತ್ತಿಲ್ಲ ಎಂದರ್ಥ. ಮಾಡುವವರ ಕೈ ಪಳಗಿದೆಯೇ ಎಂದು ತಿಳಿಯಲು ಮಲಗಿರುವವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ.

ಇದರಲ್ಲಿ ಮೂರು ಬಗೆ. ಗ್ಯಾಲ್ವಾನಿಕ್ ಬಗೆಯಲ್ಲಿ ನೇರ ವಿದ್ಯುತ್ ಪ್ರವಾಹವು ಕೂದಲಿನ ಬುಡದ ಉಪ್ಪುನೀರನ್ನು ಒಡೆದು ಸೋಡಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರವನ್ನು ಅಲ್ಲಿಯೇ ಉಂಟುಮಾಡುತ್ತದೆ, ಬುಡವನ್ನು ಕೆಡಿಸುವುದು ಆ ಕ್ಷಾರ. ಇದು ನಿಧಾನ, ಆದರೆ ಡೊಂಕು ಬುಡಗಳಿಗೂ ತಲುಪುತ್ತದೆ. ಥರ್ಮಾಲಿಸಿಸ್ ಬಗೆಯಲ್ಲಿ ಅಧಿಕ ಆವರ್ತನದ ವಿದ್ಯುತ್ತಿನ ಬಿಸಿಯಿಂದ ಕೆಲಸ ಬೇಗ ಮುಗಿಯುತ್ತದೆ. ಎರಡನ್ನೂ ಬೆರೆಸಿದ್ದು ಬ್ಲೆಂಡ್. ಈ ಮೂರರಲ್ಲಿಯೂ ಮೆಲನಿನ್ನಿಗೆ ಪಾತ್ರವೇ ಇಲ್ಲ. ಕೂದಲು ಕಪ್ಪಿರಲಿ, ಕಂದಿರಲಿ, ನರೆತಿರಲಿ, ಚರ್ಮದ ಬಣ್ಣ ಯಾವುದೇ ಇರಲಿ, ಸೂಜಿ ಬುಡವನ್ನು ಮುಟ್ಟಿದರೆ ಫಲ ಒಂದೇ. ಕೂದಲಿನ ಶಾಶ್ವತ ನಿವಾರಣೆಯ ವಿಧಾನವೆಂದು ಎಫ್‌ಡಿಎ ಒಪ್ಪಿರುವುದು ಎಲೆಕ್ಟ್ರಾಲಿಸಿಸ್ಸನ್ನು.

ಹಾಗಾದರೆ ಎಲ್ಲರೂ ಇದನ್ನೇ ಏಕೆ ಮಾಡಿಸಿಕೊಳ್ಳುವುದಿಲ್ಲ? ಒಂದೊಂದು ಕೂದಲಿಗೂ ಪ್ರತ್ಯೇಕವಾಗಿ ಸೂಜಿ ಇಳಿಸಬೇಕು ಎಂಬುದೇ ಉತ್ತರ. ಎರಡೂ ಕಂಕುಳಿಗೆ ಲೇಸರ್ ಕೆಲವೇ ನಿಮಿಷಗಳ ಕೆಲಸ. ಎರಡು ಕಾಲುಗಳ ಸಾವಿರಾರು ಕೂದಲಿಗೆ ಸೂಜಿ ಹಾಕಿಸಿಕೊಳ್ಳುವುದು ಲೆಕ್ಕಕ್ಕೆ ನಿಲ್ಲದ ಮಾತು. ಗದ್ದದ ಕೂದಲಿಗೂ ಆರಂಭದಲ್ಲಿ ವಾರಕ್ಕೊಮ್ಮೆ, ಆಮೇಲೆ ಅಂತರ ಹೆಚ್ಚಿಸುತ್ತ, ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹೋಗಬೇಕಾಗುತ್ತದೆ, ಏಕೆಂದರೆ ಇಲ್ಲಿಯೂ ಬೆಳವಣಿಗೆಯ ಚಕ್ರ ಬಿಟ್ಟದ್ದಲ್ಲ. ನೋವಿನ ವಿಷಯದಲ್ಲಿ ಲೇಸರ್‌ನದು ತೀಕ್ಷ್ಣ, ಬೇಗ ಮುಗಿಯುವಂಥದು. ಸೂಜಿಯದು ಸಣ್ಣದಾದರೂ ಬಿಡದೆ ಮರುಕಳಿಸುವಂಥದು, ಮೇಲ್ತುಟಿಯಲ್ಲಂತೂ ಕಣ್ಣಲ್ಲಿ ನೀರು ತರಿಸುತ್ತದೆ. ಪಳಗದ ಕೈಯಲ್ಲಿ ಸಣ್ಣ ಗುಳಿ, ಕಪ್ಪು ಚುಕ್ಕೆಗಳು ಉಳಿಯಬಹುದು. ಗಾಯವಾದರೆ ಉಬ್ಬುಗಲೆ ಏಳುವ ಮೈಯವರು, ಅಂದರೆ ಕೀಲಾಯ್ಡ್ ಆಗುವವರು, ಎರಡೂ ವಿಧಾನಗಳಲ್ಲಿ ಎಚ್ಚರ ವಹಿಸಬೇಕು, ಇದರಲ್ಲಿ ಹೆಚ್ಚು. ಸೂಜಿ ಪ್ರತಿಯೊಬ್ಬರಿಗೂ ಹೊಸದಾಗಿರಬೇಕು ಎಂಬುದರಲ್ಲಿ ರಾಜಿಯೇ ಸಲ್ಲ; ನಿಮ್ಮ ಕಣ್ಣೆದುರೇ ಪೊಟ್ಟಣ ಒಡೆಯಲು ಹೇಳಿ. ಪೇಸ್‌ಮೇಕರ್ ಅಳವಡಿಸಿಕೊಂಡವರಿಗೆ ಈ ವಿಧಾನ ಬೇಡ.

ಯಾರಿಗೆ ಯಾವುದು

ಕಂಕುಳು, ಕೈಕಾಲು, ಬೆನ್ನು, ಹೊಟ್ಟೆಯಂಥ ವಿಸ್ತಾರವಾದ ಜಾಗಗಳಲ್ಲಿ ದಪ್ಪ ಕಪ್ಪು ಕೂದಲಿದ್ದರೆ ಲೇಸರ್ ಒಂದೇ ವ್ಯಾವಹಾರಿಕ ದಾರಿ. ಇಲ್ಲಿ ಚರ್ಚೆಗೆ ಹೆಚ್ಚು ಜಾಗವಿಲ್ಲ. ನಲವತ್ತು ದಾಟಿದ ಹೆಂಗಸರ ಗದ್ದದಲ್ಲಿ ಅಲ್ಲೊಂದು ಇಲ್ಲೊಂದು ಏಳುವ ಒರಟು ಕೂದಲು, ಅದರಲ್ಲೂ ನರೆತದ್ದು, ಎಲೆಕ್ಟ್ರಾಲಿಸಿಸ್‌ಗೆ ಹೇಳಿ ಮಾಡಿಸಿದ್ದು. ಹತ್ತಿಪ್ಪತ್ತು ಕೂದಲಿಗಾಗಿ ಲೇಸರ್ ಪ್ಯಾಕೇಜು ಕೊಳ್ಳುವುದು ದಂಡ. ಹುಬ್ಬಿನ ಕೂದಲಿಗೂ ಸೂಜಿಯೇ ಸರಿ, ಏಕೆಂದರೆ ಕಣ್ಣುಗೂಡಿನ ಎಲುಬಿನ ಒಳಭಾಗಕ್ಕೆ ಲೇಸರ್ ಹಾಯಿಸಿದರೆ ಕಣ್ಣಿಗೇ ಅಪಾಯ. ಮಚ್ಚೆ ಅಥವಾ ಹಚ್ಚೆಯ ಮೇಲಿನ ಕೂದಲಿಗೆ ಲೇಸರ್ ಎಂದೂ ಬೇಡ. ಮಚ್ಚೆಯ ಮೇಲಿನದನ್ನು ಸೂಜಿಯಿಂದ ತೆಗೆಸುವುದಾದರೂ ಚರ್ಮವೈದ್ಯರು ಮೊದಲು ಆ ಮಚ್ಚೆಯನ್ನು ನೋಡಬೇಕು.

ಕಷ್ಟವಾಗುವುದು ನಡುವಿನವರಿಗೆ, ಅಂದರೆ ಪಿಸಿಓಡಿ ಇದ್ದು, ಇಪ್ಪತ್ತು ಮೂವತ್ತರ ವಯಸ್ಸಿನಲ್ಲಿ ಗದ್ದ ಮತ್ತು ಕತ್ತಿನ ತುಂಬ ದಟ್ಟ ಕೂದಲು ಇರುವವರಿಗೆ. ಅಷ್ಟು ಕೂದಲಿಗೆ ಸೂಜಿ ಹಾಕಿಸುತ್ತ ಕುಳಿತರೆ ತಾಳ್ಮೆಯೂ ಹಣವೂ ಸೋಲುತ್ತವೆ. ಬರಿ ಲೇಸರ್ ಎಂದರೆ ಕೊನೆಯ ತೆಳು ಕೂದಲುಗಳು ಜಗ್ಗುವುದಿಲ್ಲ. ಔಷಧ ಆರಂಭಿಸಿ, ದಟ್ಟವಾಗಿರುವಷ್ಟನ್ನು ಎನ್‌ಡಿ-ಯಾಗ್ ಅಥವಾ ಡಯೋಡ್ ಲೇಸರ್‌ನಿಂದ ತಗ್ಗಿಸಿ, ಉಳಿದ ಚದುರಿದ ಕೂದಲನ್ನು ಸೂಜಿಯಿಂದ ಮುಗಿಸುವ ಕ್ರಮವೇ ಇವರಿಗೆ ಒಳ್ಳೆಯದೆಂದು ನಾನು ಹೇಳುತ್ತೇನೆ. ಕ್ರಮ ಹಿಂದುಮುಂದಾಗಬಾರದು. ಲೇಸರ್‌ಗೆ ಗುರಿಯಾಗಿ ನಿಲ್ಲುವುದು ಕೂದಲಿನ ಕಡ್ಡಿಯೇ ಆದ್ದರಿಂದ, ಸಿಟ್ಟಿಂಗ್‌ಗೆ ಮುಂಚಿನ ನಾಲ್ಕರಿಂದ ಆರು ವಾರ ಥ್ರೆಡಿಂಗ್, ವ್ಯಾಕ್ಸಿಂಗ್, ಚಿಮಟ ಯಾವುದೂ ಕೂಡದು. ರೇಜರ್ ಬಳಸಬಹುದು. ರೇಜರ್ ತಾಗಿದರೆ ಕೂದಲು ದಪ್ಪವಾಗುತ್ತದೆ ಎಂದು ಮನೆಯಲ್ಲಿ ಅಮ್ಮ, ಅತ್ತೆ ಹೆದರಿಸಿದರೂ ಅದು ನಿಜವಲ್ಲ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಒರಟು ಎನಿಸುತ್ತದೆ, ಅಷ್ಟೆ. ಸೂಜಿಗೆ ಇದಕ್ಕೆ ತದ್ವಿರುದ್ಧವಾಗಿ, ಚಿಮಟಕ್ಕೆ ಸಿಗುವಷ್ಟು ಕೂದಲು ಬೆಳೆಸಿಕೊಂಡು ಹೋಗಬೇಕು. ಮುಖದಲ್ಲಿ ಅಷ್ಟು ಕೂದಲಿಟ್ಟುಕೊಂಡು ಕಾಲೇಜಿಗೋ ಕೆಲಸಕ್ಕೋ ಹೋಗಬೇಕಾದವರ ಸಂಕಟ ಸಣ್ಣದಲ್ಲ, ಎಲೆಕ್ಟ್ರಾಲಿಸಿಸ್ ಮಾಡುವವರು ಅದನ್ನು ಅರಿತು ವಾರಾಂತ್ಯಕ್ಕೆ ಸಮಯ ಕೊಟ್ಟರೆ ದೊಡ್ಡ ಉಪಕಾರ.

ಲಿಂಗಪರಿವರ್ತಿತ ಮಹಿಳೆಯರಿಗೆ ಗಡ್ಡದ ಕೂದಲನ್ನು ತೆಗೆಸುವುದು ಬದುಕಿನ ಮುಖ್ಯ ಅಗತ್ಯ. ಪೂರ್ತಿ ಗಡ್ಡಕ್ಕೆ ಎಲೆಕ್ಟ್ರಾಲಿಸಿಸ್ ಒಂದನ್ನೇ ನಂಬಿದರೆ ನೂರಕ್ಕೂ ಹೆಚ್ಚು ಗಂಟೆ ಬೇಕಾಗುವುದರಿಂದ, ಇವರಿಗೂ ಮೊದಲು ಲೇಸರ್, ಉಳಿದದ್ದಕ್ಕೆ ಸೂಜಿ ಎಂಬ ಕ್ರಮವೇ ಹೊಂದುತ್ತದೆ. ಗಡ್ಡ ನರೆಯುವ ಮುನ್ನ ಲೇಸರ್ ಆರಂಭಿಸಿದಷ್ಟೂ ಲಾಭ. 2019ರ ಲಿಂಗಪರಿವರ್ತಿತ ವ್ಯಕ್ತಿಗಳ ಹಕ್ಕು ರಕ್ಷಣೆಯ ಕಾಯ್ದೆಯ 15ನೆಯ ಕಲಮು, ಸರ್ಕಾರವು ವಿಮೆಯ ಮೂಲಕ ಭರಿಸಬೇಕಾದ ಚಿಕಿತ್ಸೆಗಳಲ್ಲಿ ಲೇಸರ್ ಚಿಕಿತ್ಸೆಯನ್ನು ಹೆಸರಿಸಿಯೇ ಹೇಳಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸುವಾಗ ಈ ಕಲಮನ್ನು ಉಲ್ಲೇಖಿಸಿ ಕೇಳುವುದು ಅವರ ಹಕ್ಕು.

ಖರ್ಚನ್ನು ಹೋಲಿಸುವಾಗ ಒಂದು ಸಿಟ್ಟಿಂಗ್‌ನ ದರವನ್ನು ಇನ್ನೊಂದರ ಎದುರು ಇಟ್ಟರೆ ಲೆಕ್ಕ ತಪ್ಪುತ್ತದೆ. ಲೇಸರ್‌ಗೆ ಜಾಗದ ಲೆಕ್ಕದಲ್ಲಿ, ಎಲೆಕ್ಟ್ರಾಲಿಸಿಸ್‌ಗೆ ಸಮಯದ ಲೆಕ್ಕದಲ್ಲಿ ಹಣ ಪಡೆಯುವುದು ರೂಢಿ. ಎರಡು ವರ್ಷದ ಒಟ್ಟು ಮೊತ್ತವನ್ನು, ಆಮೇಲಿನ ಟಚ್‌ಅಪ್ ಸೇರಿಸಿ, ಕೇಳಿ ಬರೆಸಿಕೊಳ್ಳಿ. ಮೊದಲ ಎರಡು ಸಿಟ್ಟಿಂಗ್‌ಗಳ ಫಲ ಕಾಣುವ ಮೊದಲೇ ಇಡೀ ಪ್ಯಾಕೇಜಿನ ಹಣವನ್ನು ಮುಂಗಡವಾಗಿ ಕಟ್ಟಬೇಡಿ.

ಮಾಡುವವರು ಯಾರು

ಯಂತ್ರ ಎಷ್ಟೇ ಒಳ್ಳೆಯದಿದ್ದರೂ ಅದರ ಶಕ್ತಿಯನ್ನು ನಿಗದಿ ಮಾಡುವವರು ಮನುಷ್ಯರೇ. ಚರ್ಮರೋಗದಲ್ಲಿ ಎಂಡಿ ಅಥವಾ ಡಿಎನ್‌ಬಿ ಮಾಡಿದ ವೈದ್ಯರು ನಿಮ್ಮ ಚರ್ಮವನ್ನು ಸ್ವತಃ ನೋಡಿದ್ದಾರೆಯೇ, ಟೆಕ್ನಿಷಿಯನ್ ಮಾಡುವುದಾದರೆ ವೈದ್ಯರು ಅದೇ ಕಟ್ಟಡದಲ್ಲಿ ಇರುತ್ತಾರೆಯೇ ಎಂದು ಕೇಳಿ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್ಕುಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಅಂದರೆ ಕೆಪಿಎಂಇ ಅಡಿ, ನೋಂದಣಿಯಾಗಿರಬೇಕು. ಆ ಪ್ರಮಾಣಪತ್ರ ಗೋಡೆಯ ಮೇಲಿದೆಯೇ ನೋಡಿ. ಪ್ರತಿ ಸಿಟ್ಟಿಂಗ್‌ನಲ್ಲಿ ಬಳಸಿದ ಯಂತ್ರ, ಶಕ್ತಿ, ಪಲ್ಸ್‌ನ ಅಂದರೆ ಪ್ರತಿ ಮಿಂಚಿನ ಅವಧಿಗಳನ್ನು ಕಾರ್ಡಿನಲ್ಲಿ ಬರೆದುಕೊಡುವಂತೆ ಕೇಳಿದರೆ, ಮುಂದೆ ಊರು ಬದಲಾಯಿಸಿದರೂ ಬೇರೆ ವೈದ್ಯರು ಅಲ್ಲಿಂದಲೇ ಮುಂದುವರಿಸಬಹುದು.

ಮರಗಟ್ಟಿಸುವ ಕ್ರೀಮಿನ ಬಗ್ಗೆ ಒಂದು ಎಚ್ಚರಿಕೆ ಹೇಳದೆ ಬಿಡಲಾಗದು. ಲೇಸರ್‌ಗೆ ಮುಂಚೆ ಹೆಚ್ಚು ಶಕ್ತಿಯ ಇಂಥ ಕ್ರೀಮನ್ನು ಕಾಲಿನ ತುಂಬ ಹಚ್ಚಿ, ಮೇಲೆ ಪ್ಲಾಸ್ಟಿಕ್ ಸುತ್ತಿಕೊಂಡ ಇಬ್ಬರು ಯುವತಿಯರು ಅಮೆರಿಕದಲ್ಲಿ ಸತ್ತರು; ಔಷಧ ರಕ್ತಕ್ಕೆ ಸೇರಿ ಹೀಗಾದ ಬಳಿಕ 2007ರಲ್ಲಿ ಎಫ್‌ಡಿಎ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು. ಮೇಲ್ತುಟಿಯಷ್ಟು ಜಾಗಕ್ಕೆ, ವೈದ್ಯರು ಹೇಳಿದ ಪ್ರಮಾಣದಲ್ಲಿ ಹಚ್ಚುವುದಕ್ಕೆ ಹೆದರಬೇಕಿಲ್ಲ. ಮೆಡಿಕಲ್ ಶಾಪಿನಿಂದ ತಂದು ಮನೆಯಲ್ಲಿ ಕೈಕಾಲಿಗೆಲ್ಲ ಬಳಿದುಕೊಂಡು ಹೊರಡುವುದು ಮಾತ್ರ ಬೇಡವೇ ಬೇಡ.

ಸಿಟ್ಟಿಂಗ್‌ನ ದಿನ ಕುಂಕುಮ, ಕಾಡಿಗೆ, ಅರಿಸಿನ, ಕೊಬ್ಬರಿ ಎಣ್ಣೆ, ಮೇಕಪ್ ಯಾವುದೂ ಆ ಜಾಗದಲ್ಲಿ ಉಳಿಯದಂತೆ ತೊಳೆದು ಹೋಗಬೇಕು. ಚರ್ಮದ ಮೇಲಿನ ಬಣ್ಣವೂ ಬೆಳಕನ್ನು ಹೀರಿ ಸುಡಬಹುದು. ಮುಂಚಿನ ಮತ್ತು ಆಮೇಲಿನ ವಾರಗಳಲ್ಲಿ ಬಿಸಿಲಿಗೆ ಮೈಯೊಡ್ಡದಿರುವುದು, ಸನ್‌ಸ್ಕ್ರೀನ್ ತಪ್ಪದೆ ಹಚ್ಚುವುದು ಕಪ್ಪು ಕಲೆಯಿಂದ ಕಾಪಾಡುವ ಮುಖ್ಯ ಉಪಾಯ. ಹೊಲದಲ್ಲಿ, ಗಾರೆ ಕೆಲಸದಲ್ಲಿ, ಸ್ಕೂಟರ್ ಮೇಲೆ ಬಿಸಿಲಲ್ಲೇ ದಿನ ಕಳೆಯುವವರು ಬೇಸಿಗೆಯನ್ನು ಬಿಟ್ಟು ಮಳೆಗಾಲದಲ್ಲಿ ಆರಂಭಿಸುವುದು ವಾಸಿ. ಮದುವೆ ಗೊತ್ತಾದ ಮೇಲೆ ಒಂದೇ ತಿಂಗಳಲ್ಲಿ ಮುಗಿಸಿಕೊಡಿ ಎಂದು ಬರುವವರಿಗೆ ಎರಡೂ ವಿಧಾನಗಳಲ್ಲಿ ಉತ್ತರವಿಲ್ಲ; ಎಂಟು ಹತ್ತು ತಿಂಗಳಾದರೂ ಮುಂಚೆ ಶುರು ಮಾಡಿರಬೇಕು. ಬಸಿರಿಯರು ಹೆರಿಗೆಯವರೆಗೆ ಎರಡನ್ನೂ ಮುಂದೂಡಲಿ, ಬಸಿರಿನಲ್ಲಿ ಹೆಚ್ಚಿದ ಕೂದಲು ಹೆರಿಗೆಯಾದ ಕೆಲವು ತಿಂಗಳಲ್ಲಿ ತಾನಾಗಿಯೇ ಇಳಿಯುವುದುಂಟು. ಯಾವ ವಿಧಾನವನ್ನೇ ಆರಿಸಿದರೂ ಮೊದಲು ದವಡೆಯ ಕೆಳಗೆ ಕಾಣದಂಥ ಕಡೆ ಒಂದು ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡಿಸಿ. ನಮ್ಮ ಚರ್ಮದಲ್ಲಿ ಕಪ್ಪು ಕಲೆ ಕಾಣಿಸಿಕೊಳ್ಳಲು ದಿನಗಳು ಹಿಡಿಯುವುದರಿಂದ, ಎರಡು ವಾರ ಕಾದು, ಬೆಳಗಿನ ಬೆಳಕಿನಲ್ಲಿ ಆ ಜಾಗವನ್ನು ನೋಡಿ, ಆಮೇಲೆ ಉಳಿದದ್ದಕ್ಕೆ ದಿನ ಗೊತ್ತುಮಾಡಿ.